ಅಳದ ಕೂಸಿನ ಪಾದ ಮುಟ್ಟಿ ನೋಡಿ

ನಮ್ಮ ಕಡೆ ಯಾರ ಮನೆಯಲ್ಲಾದರೂ ಹೆರಿಗೆಯಾಯಿತು ಎಂದರೆ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಎರಡನೆಯದು ನಾರ್ಮಲ್ಲೋ ಸಿಜೇರಿಯನ್ನೋ ಎಂಬುದು. ನಾರ್ಮಲ್ ಅಂದರೆ ಕೇಳಿದವರ ಮುಖ ಅರಳುತ್ತದೆ. ಸಿಜೇರಿಯನ್ ಅಂದರೆ ‘ಅಯ್ಯೋ ಪಾಪ’ ಎಂದು ತಾಯಿಯ ಹೊಟ್ಟೆ, ಹೊಲಿಗೆ, ಮುಂದೆ ಅವಳು ಕೊಡಪಾನ ಎತ್ತಬಹುದೋ ಇಲ್ಲವೋ ಎಂಬ ವಿಚಾರ ಶುರುವಾಗುತ್ತದೆ. ಬಂದ ದಾರಿಯಿಂದ ಆ ಕೂಸಿಗೆ ಏನಾಯಿತು ಎಂದು ಒಬ್ಬರಾದರೂ ಕೇಳಿದ್ದನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಾಣಲಿಲ್ಲ. ಕೇಳಿದ್ದರೆ ಹೇಳಲು ಬೇಕಾದಷ್ಟಿತ್ತು. ಯಾರೂ ಕೇಳದೇ ಇದ್ದುದರಿಂದ ಈಗ ಬರೆಯಲು ಕೂತಿದ್ದೇನೆ. ನಿವೃತ್ತಳಾದ ನರ್ಸಿನ ಬಾಯಿ ಮುಚ್ಚಿಸುವುದು ನನ್ನ ಮನೆಯವರಿಂದಲೇ ಆಗಿಲ್ಲ, ನಿಮ್ಮಿಂದ ಆಗುತ್ತದೆಯೇ.

ಹೆರಿಗೆ ವಾರ್ಡಿಗೆ ಹೊಸದಾಗಿ ಸೇರುತ್ತಿರುವ ಹುಡುಗಿಯರಿಗಾಗಿ ಇದು. ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಕಿಲ್ಲ. ಶಾಲು ಪೆಟ್ಟಿಗೆಯಲ್ಲಿದೆ, ನುಸಿಗುಳಿಗೆಯ ವಾಸನೆ ಹಿಡಿದಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ತೊಂಬತ್ತರ ದಶಕದ ಶುರುವಿನಲ್ಲಿ, ನಾನು ದಬ್ಬೇಘಟ್ಟದ ಕಡೆಯ ಹಳ್ಳಿಗಳಲ್ಲಿ ಓಡಾಡಿಕೊಂಡಿದ್ದೆ. ಬಸ್ಸಿಳಿದು ತೋಟದ ಬದುವಿನ ಮೇಲೆ ನಡೆದು ಮನೆ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಹೆರಿಗೆ ಮುಗಿದೇ ಹೋಗಿರುತ್ತಿತ್ತು. ನಾನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರೆ ಒಳಗಿನಿಂದ ಕೂಸು, ಈಗ ಬಂದೆಯಾ ಎನ್ನುವ ಹಾಗೆ ಕಿರುಚುತ್ತಿತ್ತು. ಆ ಕೂಸುಗಳ ಮೇಲೆ ನನಗೆ ಈಗಲೂ ಗೌರವ. ಸಗಣಿ ಸಾರಿಸಿದ ನೆಲಕ್ಕೆ ಹಾಸಿದ ಹಳೇ ಸೀರೆಯ ಮೇಲೆ ಬಂದು, ಬಂದ ಸ್ವಲ್ಪ ಹೊತ್ತಿಗೆಲ್ಲ ಮೂತಿ ಆಡಿಸುತ್ತ ತಾಯಿಯ ಎದೆ ಹುಡುಕುತ್ತಿದ್ದವು. ಮೈ ಬೆಚ್ಚಗಿರುತ್ತಿತ್ತು, ಕಣ್ಣು ಪಿಳಿಪಿಳಿ ಎನ್ನುತ್ತಿತ್ತು. ಮನೆ ಕೆಲಸಕ್ಕೆ ಬಂದವರಂತೆ ಬಂದ ಕೂಡಲೇ ಕೆಲಸ ಶುರು.

ಎಲ್ಲ ಹೆರಿಗೆಯೂ ಹೀಗೆ ಸುಖವಾಗಿ ಮುಗಿಯುತ್ತಿತ್ತು ಎಂದು ತಿಳಿಯಬೇಡಿ. ಕೂಸು ಅಡ್ಡ ತಿರುಗಿ, ಬಸುರಿಯನ್ನು ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ತುರುವೇಕೆರೆಗೆ ಹೋಗುವ ದಾರಿಯಲ್ಲೇ ಎರಡು ಜೀವವೂ ಹೋದದ್ದನ್ನು ಕಂಡಿದ್ದೇನೆ. ಆದ್ದರಿಂದ ಸಿಜೇರಿಯನ್ನನ್ನು ಬೈಯಲು ನಾನು ತಯಾರಿಲ್ಲ. ನನ್ನ ಮಗನೇ ಸಿಜೇರಿಯನ್. ಹುಟ್ಟಿದಾಗ ಸ್ವಲ್ಪ ಮಂಕಾಗಿದ್ದ, ಆಮೇಲೆ ಅದರ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸಿದ.

ಮದುವೆಯಾದ ಮೇಲೆ ನಾನು ತಿಪಟೂರಿನ ಒಂದು ಹೆರಿಗೆ ಆಸ್ಪತ್ರೆಗೆ ಬಂದೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಎಲ್ಲವೂ ನಮ್ಮ ಡಾಕ್ಟ್ರಮ್ಮ. ಗಿಡ್ಡ ದೇಹ, ದೊಡ್ಡ ಗಂಟಲು. ಹೆರಿಗೆ ಕೋಣೆಯಲ್ಲಿ ಬಸುರಿಗಿಂತ ಅವರ ಕೂಗೇ ಜಾಸ್ತಿ ಎಂದು ಆಯಾ ರಂಗಮ್ಮ ಬೆನ್ನ ಹಿಂದೆ ಹೇಳುತ್ತಿದ್ದಳು. ಕೈ ಮಾತ್ರ ಚಿನ್ನದ ಕೈ. ಅವರು ನನಗೆ ಕಲಿಸಿದ ಮೊದಲ ಪಾಠ ಒಂದೇ ಸಾಲಿನದು.

“ನೋಡು ಜಯಾ, ಅಳೋ ಮಗು ಬಗ್ಗೆ ನನಗೆ ಹೇಳ್ಬೇಡ. ಅದು ಅದರ ಪಾಡು ನೋಡ್ಕೊಳ್ಳುತ್ತೆ. ಸುಮ್ನಿರೋ ಮಗು ಇದ್ರೆ ಓಡಿ ಬಂದು ಹೇಳು.”

ನನಗೆ ಅರ್ಥವಾಗಲಿಲ್ಲ. ಸುಮ್ಮನಿರುವ ಮಗು ಸಿಗುವುದೇ ಪುಣ್ಯ ಎಂದುಕೊಂಡಿದ್ದವಳು ನಾನು. ಒಂದು ದಿನ ಆಪರೇಷನ್ನಿಗೆ ಮುಂಚೆ ಕೈ ತೊಳೆಯುತ್ತ ಬಿಡಿಸಿ ಹೇಳಿದರು. ಹೊಟ್ಟೆಯೊಳಗಿನ ಮಗು ಮನೆ ಅಳಿಯನಿದ್ದ ಹಾಗೆ. ಊಟ, ಶಾಖ ಎಲ್ಲ ಅತ್ತೆ ಮನೆಯದು. ಹೊಕ್ಕಳಬಳ್ಳಿಯಲ್ಲಿ ತಾನೇ ಬರುತ್ತದೆ. ಬಳ್ಳಿ ಕತ್ತರಿಸಿದ ಗಳಿಗೆಯಿಂದ ಬೇರೆ ಸಂಸಾರ. ಆಗ ಅದು ತನ್ನ ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ತೆಗೆದು ಖರ್ಚು ಮಾಡಬೇಕು, ತನ್ನ ಮೈಯ ಕೊಬ್ಬು ಕರಗಿಸಿ ತಾನೇ ಬೆಚ್ಚಗಾಗಬೇಕು. ಹೆರಿಗೆ ನೋವು ಬಂದು ಗರ್ಭ ಹಿಂಡುತ್ತದಲ್ಲ, ಅದು ಮಗುವಿಗೆ ಹೊಡೆಯುವ ಗಂಟೆ. ಏಳು, ಹೊರಡುವ ಹೊತ್ತಾಯಿತು ಎಂಬ ಗಂಟೆ. ಆ ಹಿಂಡಾಟದಲ್ಲಿ ಮಗುವಿನ ಮೈಯೊಳಗೆ ಎಚ್ಚರ ತರುವ ರಸಗಳು ಉಕ್ಕಿ ಉಗ್ರಾಣದ ಬಾಗಿಲು ತೆರೆಯುತ್ತವೆ. ನೋವೇ ಬಾರದೆ, ಮಲಗಿದ್ದ ಮಗುವನ್ನು ಹೊಟ್ಟೆ ಕುಯ್ದು ಎತ್ತಿಕೊಂಡರೆ ಗಂಟೆ ಹೊಡೆದಿರುವುದಿಲ್ಲ. ಉಗ್ರಾಣ ತುಂಬಿದ್ದರೂ ಬೀಗ ತೆಗೆಯುವುದು ತಡ.

“ಅಳಿಯ ಇನ್ನೂ ಅತ್ತೆ ಮನೆಯಾಗೇ ಇದ್ದೀನಿ ಅಂದ್ಕೊಂಡಿರ್ತಾನೆ,” ಎಂದಳು ರಂಗಮ್ಮ. ಡಾಕ್ಟ್ರಮ್ಮ ನಕ್ಕು, ನಗಿಸಿದ್ದಕ್ಕೇ ಅವಳನ್ನು ಬೈದರು.

ಆಮೇಲೆ ನಾನು ಕಣ್ಣಿಟ್ಟು ನೋಡತೊಡಗಿದೆ. ಮಾತು ನಿಜವೇ. ಒಂದಷ್ಟು ಹೊತ್ತು ನೋವು ತಿಂದು, ಆಮೇಲೆ ದಾರಿ ಸಾಲದೆ ಆಪರೇಷನ್ ಆದವರ ಮಕ್ಕಳು ಹೆಚ್ಚಿನಂಶ ಎಚ್ಚೆತ್ತೇ ಬರುತ್ತಿದ್ದವು. ನೋವು ಶುರುವಾಗುವ ಮೊದಲೇ ತೆಗೆದ ಮಕ್ಕಳಲ್ಲಿ ಕೆಲವು ಮಾತ್ರ ತೂಕಡಿಸುತ್ತಿದ್ದವು, ಬೇಗ ತಣ್ಣಗಾಗುತ್ತಿದ್ದವು, ಬಾಯಿಗೆ ಎದೆ ಕೊಟ್ಟರೂ ಯಾರದೋ ಮನೆಯ ಊಟ ಎಂಬಂತೆ ಸುಮ್ಮನಿರುತ್ತಿದ್ದವು. ಜೊತೆಗೆ ತಾಯಿ ಉಪವಾಸ. ಬಳಲಿದ್ದಾಳೆ ಎಂದು ಅವಳಿಗೆ ಬಾಟಲಿಗಟ್ಟಲೆ ಗ್ಲೂಕೋಸ್ ಏರಿಸುತ್ತಿದ್ದರು. ಅದು ಬಳ್ಳಿಯಲ್ಲಿ ಮಗುವಿಗೂ ಹೋಗಿ, ಹಬ್ಬದೂಟ ಉಂಡ ಮೈ ಅದನ್ನು ಅರಗಿಸುವ ಅಬ್ಬರದಲ್ಲಿರುವಾಗಲೇ ಬಳ್ಳಿ ಕತ್ತರಿಸಿದರೆ, ಅಬ್ಬರ ಉಳಿಯುತ್ತಿತ್ತು, ಊಟ ನಿಲ್ಲುತ್ತಿತ್ತು. ಮಗುವಿನ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತಿತ್ತು. ಇದು ತಿಳಿದ ಮೇಲೆ ಡಾಕ್ಟ್ರಮ್ಮ ಆಪರೇಷನ್ನಿಗೆ ಮುಂಚೆ ಉಪ್ಪುನೀರಿನ ಬಾಟಲಿ ಹಾಕಿಸತೊಡಗಿದರು. ನೆಂಟರಿಗೆ ಬೇಸರ. ಗ್ಲೂಕೋಸ್ ಹಾಕದ ಆಸ್ಪತ್ರೆ ಎಂಥ ಆಸ್ಪತ್ರೆ.

ಫ್ಯಾನಿನ ಜಗಳವನ್ನೂ ಹೇಳಿಬಿಡುತ್ತೇನೆ. ಡಾಕ್ಟ್ರಮ್ಮನಿಗೆ ಸೆಕೆ ತಡೆಯುತ್ತಿರಲಿಲ್ಲ. ಆಪರೇಷನ್ ಕೋಣೆಯಲ್ಲಿ ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗಬೇಕು. ನೀರಿನಿಂದ ಎದ್ದು ಬಂದ ಒದ್ದೆ ಮಗುವಿಗೆ ಅದೇ ಗಾಳಿ. ಒಂದು ದಿನ ಮಗುವಿನ ತಲೆ ಕಾಣುತ್ತಿದ್ದಂತೆ ನಾನು ಹೋಗಿ ಫ್ಯಾನು ನಿಲ್ಲಿಸಿದೆ.

“ಯಾರು ಆರಿಸಿದ್ದು?” ಗೋಡೆ ಅದುರಿತು.

“ಕರೆಂಟ್ ಹೋಯ್ತು ಅನ್ಸುತ್ತೆ ಮೇಡಂ,” ಎಂದೆ, ದೊಡ್ಡ ದೀಪ ಝಗಝಗ ಉರಿಯುತ್ತಿದ್ದ ಕೆಳಗೆ ನಿಂತು.

ಮಗುವನ್ನು ನನ್ನ ಕೈಗೆ ಕೊಟ್ಟು, ದೀಪ ನೋಡಿ, ನನ್ನನ್ನು ನೋಡಿ, ಹೊಲಿಗೆ ಹಾಕಿದರು. ಮಾರನೆಯ ದಿನ ಸ್ವಿಚ್ಚಿನ ಪಕ್ಕ ಒಂದು ಚೀಟಿ ಅಂಟಿತ್ತು: ಮಗು ಬರುವಾಗ ಫ್ಯಾನ್ ಹಾಕಿದವರಿಗೆ ಕೆಲಸವಿಲ್ಲ. ಅಕ್ಷರ ಅವರದೇ. ಆಮೇಲಿನ ವರ್ಷಗಳಲ್ಲಿ ಅವರು ಬೆವರು ಸುರಿಸಿಕೊಂಡೇ ಎಷ್ಟು ಮಕ್ಕಳನ್ನು ಎತ್ತಿದರೋ.

ಮಗುವಿಗೆ ಶಾಖ ಕೊಡಲು ನಮ್ಮಲ್ಲಿದ್ದದ್ದು ಮರದ ಪೆಟ್ಟಿಗೆ, ಅದರೊಳಗೆ ಒಂದು ದೊಡ್ಡ ಬಲ್ಬು. ಕರೆಂಟ್ ಹೋದರೆ ಖಾಲಿ ಗ್ಲೂಕೋಸ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪಕ್ಕದಲ್ಲಿ ಇಡುತ್ತಿದ್ದೆವು. ಒಂದು ಸಲ ಮುಚ್ಚಳ ಸಡಿಲವಾಗಿ ನೀರು ಸೋರಿ ಹಾಸಿಗೆಯೆಲ್ಲ ಒದ್ದೆ. ಮಗು ಉಚ್ಚೆ ಹೊಯ್ದಿತು ಎಂದು ಅಜ್ಜಿ ಕೈಮುಗಿದರು, ನೆಂಟರು ಸಂತೋಷಪಟ್ಟರು, ನಾನೂ ಬರೆದುಕೊಂಡೆ. ಅಷ್ಟು ಸಣ್ಣ ಮಗು ಅಷ್ಟೊಂದು ಹೊಯ್ದಿದ್ದು ಹೇಗೆ ಎಂದು ಡಾಕ್ಟ್ರಮ್ಮ ಬಂದು ಕೇಳಿದಾಗಲೇ ಗುಟ್ಟು ರಟ್ಟಾಯಿತು. ಆವತ್ತಿನಿಂದ ಬಾಟಲಿಗಳಿಗೆ ರಜಾ. ಅವುಗಳಿಂದ ಮಗುವಿನ ಮೈ ಸುಡುವ ಭಯವೂ ಇತ್ತು, ನೀವು ಯಾರೂ ಹಾಗೆ ಮಾಡಬೇಡಿ.

ಹುಟ್ಟಿದ ಕೂಡಲೇ ಸ್ನಾನ ಮಾಡಿಸುವುದನ್ನು ಬಿಟ್ಟೆವು. ಇದಕ್ಕೂ ಬೈಸಿಕೊಂಡೆವು. ಕಾಯಿಯೆಣ್ಣೆ ತಂದು ನಿಂತ ಅಜ್ಜಿಯರಿಗೆ ‘ನಾಳೆ ಬನ್ನಿ’ ಎನ್ನುವುದು ಸುಲಭವೇ. ಎಲ್ಲಕ್ಕಿಂತ ದೊಡ್ಡ ಯುದ್ಧ ಸಕ್ಕರೆ ನೀರಿನದು. ಮೊದಲ ನೀರು ಯಾರು ನೆಕ್ಕಿಸುತ್ತಾರೋ ಅವರ ಗುಣ ಮಗುವಿಗೆ ಬರುತ್ತದೆ ಎಂಬುದು ನಮ್ಮವರ ನಂಬಿಕೆ. ಹಂದನಕೆರೆ ಕಡೆಯ ಒಂದು ಬಾಣಂತಿಯ ಬಳಿ ಎರಡು ಕಡೆಯ ಅಜ್ಜಿಯರೂ ಒಂದೊಂದು ಬಟ್ಟಲು ಹಿಡಿದು ನಿಂತು, ಯಾರ ಗುಣ ಒಳ್ಳೆಯದು ಎಂದು ಅರ್ಧ ದಿನ ಜಗಳವಾಡಿದರು. ಆ ಜಗಳ ಕೇಳಿದವರು ಇಬ್ಬರ ಗುಣವೂ ಬೇಡ ಎನ್ನುತ್ತಿದ್ದರು. ಇತ್ತ ತಾಯಿಯ ಮೊದಲ ಹಾಲು, ಹಳದಿ ಬಣ್ಣದ್ದು, ಕೆಟ್ಟದ್ದು ಎಂದು ಹಿಂಡಿ ಚೆಲ್ಲುವುದು.

“ನಿಮ್ಮ ಹಸು ಕರು ಹಾಕಿದ್ರೆ ಮೊದ್ಲು ಹಾಲು ಚೆಲ್ತೀರಾ?” ಎಂದು ನಾನು ಕೇಳುತ್ತಿದ್ದೆ.

“ಯಾಕ್ ಚೆಲ್ಲನ? ಗಿಣ್ಣು ಮಾಡ್ಕಂಡು ತಿಂತೀವಿ.”

“ಹಂಗಾದ್ರೆ ನಿಮ್ಮ ಮೊಮ್ಮಗನಿಗೂ ಅವನ ಗಿಣ್ಣು ಕೊಡಿ.”

ಕೆಲವರು ನಗುತ್ತಿದ್ದರು, ಕೆಲವರು ಮುಖ ಸಿಂಡರಿಸುತ್ತಿದ್ದರು. ನಕ್ಕವರು ಕೊಡುತ್ತಿದ್ದರು.

ಈಗ ಗೌರಮ್ಮನವರ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕಾಗಿಯೇ.

ಗೌರಮ್ಮನವರ ಯಜಮಾನರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ತೋಟ, ಮನೆ ಹೊನ್ನವಳ್ಳಿಯಲ್ಲಿ. ನನ್ನ ತವರೂ ಅದೇ ಊರಾದ್ದರಿಂದ ಅವರನ್ನು ಮೊದಲಿನಿಂದ ಬಲ್ಲೆ. ಮಂಡಿಯಲ್ಲಿ ಯಜಮಾನರು ಕೂತರೂ, ಮನೆಯ ಅಟ್ಟ ಗೌರಮ್ಮನವರ ರಾಜ್ಯ. ತೆಂಗಿನಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಬೇಕು. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಏನು ನಡೆದಿದೆ ಎಂದು ಹೇಳುತ್ತಿದ್ದರು. ಅವರ ಕಿವಿ ದಾಟದೆ ಒಂದು ಕಾಯಿಯೂ ಅಟ್ಟ ಹತ್ತುತ್ತಿರಲಿಲ್ಲ. ಎಳೆಗಾಯಿ ಕಿತ್ತು ತಂದ ಆಳಿಗೆ ಆ ದಿನ ಬೈಗುಳವೇ ಊಟ.

ಅವರ ಸೊಸೆ ಮಂಜುಳಾ ಮದುವೆಯಾಗಿ ಬಹಳ ವರ್ಷಕ್ಕೆ ಬಸುರಾಗಿದ್ದಳು. ಕೂಸು ತಲೆ ಮೇಲೆ, ಕುಂಡಿ ಕೆಳಗೆ ಮಾಡಿಕೊಂಡು ಕೂತಿತ್ತು. ಆಪರೇಷನ್ ಆಗಲೇಬೇಕು ಎಂದು ಡಾಕ್ಟ್ರಮ್ಮ ಹೇಳಿದರು. ಆದರೆ ದಿನ ಪೂರಾ ತುಂಬಲಿ, ನೋವು ಕಾಣಿಸಿಕೊಂಡರೆ ಇನ್ನೂ ಒಳ್ಳೆಯದು, ಊರು ಹತ್ತಿರವೇ ಇದೆಯಲ್ಲ, ಕೂಡಲೇ ಬನ್ನಿ ಎಂದರು. ಗೌರಮ್ಮನವರು ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡರು. ಹೇಗೂ ಕುಯ್ಯುವುದೇ ಅಂದಮೇಲೆ ಒಳ್ಳೆ ಗಳಿಗೆಯಲ್ಲಿ ಕುಯ್ಯಿಸೋಣ ಎಂದು ಜೋಯಿಸರ ಹತ್ತಿರ ಹೋದರು. ಬರುವ ಗುರುವಾರ ಬೆಳಿಗ್ಗೆಗೆ ಮುಹೂರ್ತ ಗೊತ್ತಾಯಿತು.

“ಇನ್ನೂ ದಿನ ಇದೆ ಅಮ್ಮ. ಕಾಯೋಣ,” ಎಂದರು ಡಾಕ್ಟ್ರಮ್ಮ.

“ತುಂಬೈತೆ ಬುಡಿ ಡಾಕ್ಟ್ರಮ್ಮಾರೇ. ಹೊಟ್ಟೆ ನೋಡಿದ್ರೆ ಗೊತ್ತಾಗಕಿಲ್ವಾ? ಗುರುವಾರ ಬುಟ್ರೆ ಮುಂದ್ಕೆ ಅಂಥ ಗಳಿಗೆನೇ ಇಲ್ವಂತೆ. ನಿಮ್ಮ ಕೈಲಾಗಕಿಲ್ಲ ಅಂದ್ರೆ ಕಾರು ಮಾಡ್ಕಂಡು ಬ್ಯಾರೆ ಕಡೆ ಹೋಗ್ತೀವಿ.”

ಡಾಕ್ಟ್ರಮ್ಮ ಎಂದಿನಂತೆ ಕೂಗಲಿಲ್ಲ. ಗುರುತು ಪರಿಚಯವಿಲ್ಲದ ಕಡೆ ಹೋಗಿ ಏನಾದರೂ ಆಗುವುದಕ್ಕಿಂತ ನಮ್ಮ ಕಣ್ಣೆದುರೇ ಆಗಲಿ ಎಂದು ಒಪ್ಪಿಕೊಂಡರು. ಅವರು ಕೂಗದೆ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಮಂಡಿಯ ಯಜಮಾನರು ಮಂಡಿಯ ಗೋಡೆ ಗಡಿಯಾರವನ್ನೇ ಕಳಚಿ ತಂದಿದ್ದರು. ಆಸ್ಪತ್ರೆಯ ಗಡಿಯಾರದ ಮೇಲೆ ಅವರಿಗೆ ನಂಬಿಕೆಯಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೊಬ್ಬರಿ ಹರಾಜಿಗೆ ಕೂತವರಂತೆ ಆಪರೇಷನ್ ಕೋಣೆಯ ಎದುರು ಬೆಂಚಿನ ಮೇಲೆ ಕೂತರು. ಹೇಳಿದ ಗಳಿಗೆಗೆ ಸರಿಯಾಗಿ ಡಾಕ್ಟ್ರಮ್ಮ ಕೂಸನ್ನು ಎತ್ತಿದರು. ಹೆಣ್ಣು. ಕೆಂಪಗೆ, ಗುಂಡಗೆ, ಒಂದು ಊನವಿಲ್ಲ. ಎರಡು ಸಲ ಕುಂಯ್ ಎಂದು ಮತ್ತೆ ಕಣ್ಣು ಮುಚ್ಚಿತು. ಒರೆಸಿ, ಬೆಚ್ಚಗೆ ಸುತ್ತಿ ಹೊರಗೆ ತಂದೆ. ಹೆಣ್ಣೆಂದು ಯಾರ ಮುಖವೂ ಬಾಡಲಿಲ್ಲ. ಮಂಡಿ ಮನೆಗೆ ಲಕ್ಷ್ಮಿಯೇ ಬಂದಳು ಎಂದು ಗೌರಮ್ಮನವರು ಕೂಸಿನ ಹಣೆಗೆ ವಿಭೂತಿ ಇಟ್ಟರು.

ಮಂಜುಳಾಳನ್ನು ವಾರ್ಡಿಗೆ ತಂದೆವು. ಅವಳಿಗೆ ಒಂದೇ ಸಮನೆ ವಾಂತಿ, ತಲೆ ಎತ್ತಲಾಗದು. ಕೂಸು ತೊಟ್ಟಿಲಲ್ಲಿ ನಿದ್ದೆ. ಹೊರಗೆ ನೆಂಟರ ಸಾಲು. ಮಂಡಿಯ ಹಮಾಲಿಗಳೂ ಬಂದು ಇಣುಕಿದರು.

“ನೋಡ್ರಪ್ಪಾ, ಎಷ್ಟು ಸಾಧು. ಹುಟ್ಟಿದಾಗಿಂದ ಒಂದು ಸಲಾನೂ ಅತ್ತಿಲ್ಲ,” ಎಂದು ಗೌರಮ್ಮನವರು ಎಲ್ಲರಿಗೂ ಹೇಳುತ್ತಿದ್ದರು. “ಮೂರ್ತದ ಮಹಿಮೆ ಕಣ್ರೀ ಇದು. ಶರಣೆ ಕಣಮ್ಮ, ಶರಣೆ. ಶಿವಧ್ಯಾನದಾಗೈತೆ.”

ಅಷ್ಟರಲ್ಲಿ ಇನ್ನೊಂದು ಹೆರಿಗೆ ಕಷ್ಟಕ್ಕೆ ಬಂದು ಡಾಕ್ಟ್ರಮ್ಮ ಮತ್ತೆ ಆಪರೇಷನ್ ಕೋಣೆ ಸೇರಿದ್ದರು. ನಾನು ಬಂದು ಕೂಸನ್ನು ಮಂಜುಳಾಳ ಎದೆಗೆ ಹಿಡಿದೆ. ಬಾಯಿ ತೆರೆಯಲಿಲ್ಲ. ಪಾದ ಮುಟ್ಟಿದೆ. ಬೆಳಗಿನ ಹೊತ್ತಿನ ಬಾವಿಕಟ್ಟೆಯ ಕಲ್ಲು ಮುಟ್ಟಿದಂತಾಯಿತು. ಬಟ್ಟೆ ಸರಿಸಿದರೆ ಕೈಬೆರಳು ಸಣ್ಣಗೆ ನಡುಗುತ್ತಿದ್ದವು.

“ಕನಸು ಕಾಣ್ತೈತೆ,” ಎಂದರು ಗೌರಮ್ಮನವರು ಪ್ರೀತಿಯಿಂದ.

ರಕ್ತದ ಸಕ್ಕರೆ ಇಳಿದಿದ್ದರೆ ಅದು ಕನಸಲ್ಲ, ಫಿಟ್ಸಿಗೆ ಮುಂಚಿನ ನಡುಕ. ಹಾಗೇ ಬಿಟ್ಟರೆ ಕೂಸು ಉಳಿಯದೇ ಹೋಗಬಹುದು, ಉಳಿದರೂ ಬುದ್ಧಿಗೆ ಪೆಟ್ಟು ಬೀಳಬಹುದು. ಪೆಟ್ಟಿಗೆಯ ಬಲ್ಬು ಹಾಕಲು ಹೋದರೆ ಕರೆಂಟಿಲ್ಲ. ಈ ಸಲ ನಿಜವಾಗಿಯೂ. ಮೇಡಂಗೆ ಹೇಳು ಎಂದು ರಂಗಮ್ಮನನ್ನು ಓಡಿಸಿ, ಸಕ್ಕರೆ ಪರೀಕ್ಷೆಯ ಪಟ್ಟಿಯನ್ನೂ ಸೂಜಿಯನ್ನೂ ತಂದೆ. ಹಿಮ್ಮಡಿಗೆ ಚುಚ್ಚಿ ಒಂದು ತೊಟ್ಟು ರಕ್ತ ಹಾಕಿದರೆ ಪಟ್ಟಿಯ ಬಣ್ಣವೇ ಹೇಳುತ್ತಿತ್ತು. ಗೌರಮ್ಮನವರು ತೊಟ್ಟಿಲಿಗೆ ಅಡ್ಡ ನಿಂತರು.

“ಬ್ಯಾಡ ಕಣಮ್ಮ. ಮೂರ್ತದಾಗೆ ಹುಟ್ಟಿದ ಕೂಸು. ಇವತ್ತಿನ ದಿನ ಅದರ ಮೈಯಿಂದ ರಕ್ತ ಸುರಿಸಬಾರ್ದು. ಮಲಗಿರೋ ಕೂಸನ್ನ ಎಬ್ಬಿಸೋದಾ? ನಿಂಗೂ ಮಕ್ಕಳವ್ರೆ.”

“ಅಮ್ಮಾ, ಅದು ಮಲಗಿಲ್ಲ.”

“ಇನ್ನೇನು ಮಾಡ್ತೈತೆ?”

ಲಿವರು, ಸಕ್ಕರೆ, ಎಚ್ಚರದ ರಸ ಎಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ಅದನ್ನೆಲ್ಲ ಹೇಳಿ ಮುಗಿಸುವಷ್ಟು ಹೊತ್ತು ಆ ಕೂಸಿಗಿರಲಿಲ್ಲ. ದಬ್ಬಿ ಕಿತ್ತುಕೊಳ್ಳೋಣ ಎಂದರೆ ಸುತ್ತ ಮಂಡಿಯ ಜನ. ಆಗ ಹೊನ್ನವಳ್ಳಿಯ ಅಟ್ಟ ನೆನಪಾಯಿತು.

“ಅಮ್ಮಾ, ಒಂದು ಮಾತು ಹೇಳಿ. ಮರದಿಂದ ತಾನಾಗೇ ಬಿದ್ದ ಕಾಯಿ, ಹತ್ತಿ ಕಿತ್ತ ಕಾಯಿ, ಎರಡನ್ನೂ ಅಟ್ಟದಾಗೆ ಒಂದೇ ರಾಶಿಗೆ ಹಾಕ್ತೀರಾ?”

ಇದೇನು ಹೊತ್ತುಗೊತ್ತಿಲ್ಲದ ಪ್ರಶ್ನೆ ಎಂದು ನೋಡಿದರೂ, ಅಟ್ಟದ ವಿಷಯವಾದ್ದರಿಂದ ಉತ್ತರ ಕೊಡದೆ ಇರಲಾಗಲಿಲ್ಲ.

“ಯಾವಳಾದ್ರೂ ಹಾಕ್ತಾಳಾ? ಬಿದ್ದ ಕಾಯಿ ಅದರ ಪಾಡಿಗೆ ಅದು ಒಣಗ್ತದೆ. ಕಿತ್ತಿದ್ದರಾಗೆ ಎಳೇದು ಸೇರಿದ್ರೆ ಒಳಗೊಳಗೇ ಕೆಡ್ತದೆ. ಮೇಲೆ ನೋಡಿದ್ರೆ ಗೊತ್ತಾಗಕಿಲ್ಲ, ಚೆಂದಾಗೇ ಕಾಣ್ತದೆ.”

“ಅದಕ್ಕೆ ಏನು ಮಾಡ್ತೀರಿ?”

“ಬ್ಯಾರೆ ಇಡ್ತೀವಿ. ದಿನಾ ಕೈಗೆ ತಗಂಡು ಅಲ್ಲಾಡಿಸಿ...” ಎನ್ನುತ್ತಿದ್ದವರ ಮಾತು ಅಲ್ಲಿಗೇ ನಿಂತಿತು. ತಿರುಗಿ ತೊಟ್ಟಿಲು ನೋಡಿದರು.

“ಇದು ತಾನಾಗಿ ಬಿದ್ದಿದ್ದಲ್ಲ ಅಮ್ಮ. ನಾವು ಕಿತ್ಕೊಂಡು ಬಂದಿದ್ದು. ಮೇಲೆ ಚೆಂದಾಗೈತೆ. ಒಳಗೆ ಏನಾಗೈತೆ ನೋಡೋಕೆ ಬುಡಿ.”

ಗೌರಮ್ಮನವರು ಬಗ್ಗಿ, ಬೆಳಗಿನಿಂದ ಮೊದಲ ಬಾರಿಗೆ ಬಟ್ಟೆಯೊಳಗೆ ಕೈ ಹಾಕಿ ಆ ಪಾದ ಮುಟ್ಟಿದರು. ಮುಟ್ಟಿದ ಕೈಯನ್ನು ಹಾಗೇ ಎದೆಗೆ ಒತ್ತಿಕೊಂಡರು.

“ಶಿವನೇ,” ಎಂದರು. ಆಮೇಲೆ ತಾವೇ ಕೂಸನ್ನು ಎತ್ತಿ ಹಿಮ್ಮಡಿಯನ್ನು ನನ್ನ ಕಡೆ ಹಿಡಿದರು. “ಚುಚ್ಚವ್ವ. ಬ್ಯಾಗ ಚುಚ್ಚು.”

ಚುಚ್ಚಿದಾಗಲೂ ಅದು ಅಳಲಿಲ್ಲ. ಪಟ್ಟಿಗೆ ಬಣ್ಣ ಏರಲೇ ಇಲ್ಲ. ಅಂದರೆ ರಕ್ತದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಕೆಲಸ ಮುಗಿಸಿದ್ದೇ ಕೈಗವಸು ಕಿತ್ತೆಸೆದು ಡಾಕ್ಟ್ರಮ್ಮ ಓಡಿ ಬಂದರು. ಕೂಗಲಿಲ್ಲ. ಮುಂಗೈಯ ದಾರದಂಥ ನರ ಹುಡುಕಿ ಗ್ಲೂಕೋಸ್ ಬಿಟ್ಟರು.

“ಇನ್ನು ಇದಕ್ಕೆ ಶಾಖ ಬೇಕು, ಹಾಲು ಬೇಕು,” ಎಂದರು. “ಮೈಗೆ ಮೈ ತಾಗಿಸಿ ಇಡಬೇಕು. ಮಂಜುಳಾಗೆ ವಾಂತಿ ನಿಂತಿಲ್ಲ. ಅಮ್ಮಾ, ನೀವು ಕುಬುಸ ಬಿಚ್ಚಿ ಕೂತ್ಕೊಳ್ಳಿ.”

ಗೌರಮ್ಮನವರು ಇಡೀ ತಿಪಟೂರೇ ಕಿಟಕಿಯಲ್ಲಿ ನಿಂತಿದೆಯೇನೋ ಎಂಬಂತೆ ಸುತ್ತ ನೋಡಿದರು. “ಈ ವಯಸ್ನಾಗೆ ನಾನು ಕುಬುಸ ಬಿಚ್ಚಿ ಕೂರಾದಾ?”

“ಬಲ್ಬಿಗೆ ಕರೆಂಟಿಲ್ಲ. ನಿಮಗಿದೆ,” ಎಂದರು ಡಾಕ್ಟ್ರಮ್ಮ.

ಗೌರಮ್ಮನವರು ಬಾಗಿಲ ಬಳಿ ಗಡಿಯಾರ ಅಪ್ಪಿಕೊಂಡು ನಿಂತಿದ್ದ ಯಜಮಾನರ ಕಡೆ ತಿರುಗಿ, “ರೀ, ನೀವು ಗಡಿಯಾರ ತಗಂಡು ಆಚೆ ಹೋಗ್ರೀ. ಎಲ್ರನ್ನೂ ಕರ್ಕಂಡು ಹೋಗ್ರೀ,” ಎಂದರು. ನೆಂಟರು, ಹಮಾಲಿಗಳು ಎಲ್ಲ ಖಾಲಿಯಾದರು. ಕೂಸಿನ ಬಟ್ಟೆ ಬಿಚ್ಚಿ, ತಲೆಗೆ ಟೋಪಿ ಹಾಕಿ, ಗ್ಲೂಕೋಸ್ ನಳಿಕೆಯ ಸಮೇತ ಅಜ್ಜಿಯ ಎದೆಗೆ ಒರಗಿಸಿ, ಮೇಲೆ ಸೆರಗು, ಅದರ ಮೇಲೆ ಕಂಬಳಿ ಹೊದಿಸಿದೆವು. ಇದು ನಮಗೂ ಹೊಸ ವಿದ್ಯೆ, ಆಗಷ್ಟೇ ತರಬೇತಿಯಲ್ಲಿ ಕಲಿತು ಬಂದದ್ದು. ನಾನು ಮಂಜುಳಾಳ ಪಕ್ಕ ಕೂತು ಹಾಲು ಹಿಂಡತೊಡಗಿದೆ. ಮೊದಲು ಏನೂ ಇಲ್ಲ, ಆಮೇಲೆ ಹಳದಿ ಹನಿ. ಹಿಡಿಯಲು ಪಾತ್ರೆ ಹುಡುಕಿದರೆ ಗೌರಮ್ಮನವರು ಕೂಸಿಗೆ ಕುಡಿಸಲು ತಂದ ಬೆಳ್ಳಿಯ ಒಳಲೆ ಕಂಡಿತು, ಅದರ ತುಂಬ ಸಕ್ಕರೆ ನೀರು. ಮೊದಲ ನೆಕ್ಕು ತಾವೇ ನೆಕ್ಕಿಸಬೇಕೆಂದು ತಂದಿಟ್ಟಿದ್ದು.

“ಅದನ್ನ ಚೆಲ್ಲು,” ಎಂದರು ಅವರು ಕೂತಲ್ಲಿಂದಲೇ. “ತೊಳ್ದು ಅದಕ್ಕೆ ಅದರವ್ವನ ಗಿಣ್ಣು ಹಾಕು.”

ಹನಿಹನಿಯಾಗಿ ತುಟಿಗೆ ಬಿಟ್ಟೆ. ಮಂಜುಳಾ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ರಂಗಮ್ಮ ಅವಳ ಕಾಲು ಒತ್ತುತ್ತಿದ್ದಳು. ಗೌರಮ್ಮನವರು ಕೆಳಗೆ ನೋಡುತ್ತ, ಕಾಯಿಯನ್ನು ಕಿವಿಗೆ ಹಿಡಿದಾಗ ಮಾಡುವಂತೆ ತಲೆ ವಾಲಿಸಿ ಆಲಿಸುತ್ತಿದ್ದರು. ಡಾಕ್ಟ್ರಮ್ಮ ಮತ್ತೆ ಪಟ್ಟಿ ಹಾಕಿದರು. ಬಣ್ಣ ಸ್ವಲ್ಪ ಏರಿತ್ತು. “ಬರ್ತಿದೆ,” ಎಂದರು, ತಮಗೇ ಹೇಳಿಕೊಂಡಂತೆ.

ಮೊದಲು ಕಂಬಳಿ ಅಲುಗಿತು. ಆಮೇಲೆ ಸೆರಗಿನೊಳಗೆ ಟೋಪಿ ಅತ್ತಿತ್ತ ಹೊರಳಿತು. ಕೂಸು ಮೂತಿ ಒತ್ತಿ ಅಜ್ಜಿಯ ಎದೆಯಲ್ಲಿ ಹುಡುಕತೊಡಗಿತು, ದಬ್ಬೇಘಟ್ಟದ ನೆಲದ ಮೇಲೆ ನಾನು ಕಂಡ ಕೂಸುಗಳ ಹಾಗೆಯೇ. ಆ ಕಡೆ ಹುಡುಕಿತು, ಈ ಕಡೆ ಹುಡುಕಿತು. ಏನೂ ಸಿಗದೆ ರೇಗಿತು. ಬಾಯಿ ತೆರೆದು, ಆಸ್ಪತ್ರೆಯ ಹೆಂಚು ಹಾರುವಂತೆ ಅರಚಿತು.

“ನನ್ನತ್ರ ಏನೈತೆ ಕಣೇ, ಒಣಗಿದ್ ಗಿಟುಕು ನಾನು,” ಎಂದು ಗೌರಮ್ಮನವರು ನಗಲು ಹೋಗಿ ಗೊಳೋ ಎಂದು ಅತ್ತುಬಿಟ್ಟರು. ನಾನೂ ಅತ್ತೆ. ಡಾಕ್ಟ್ರಮ್ಮ ಮಾತ್ರ ಅಳಲಿಲ್ಲ, ಯಾರೋ ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ರಂಗಮ್ಮನನ್ನು ಬೈಯುತ್ತ ಕಣ್ಣೊರೆಸಿಕೊಂಡರು.

ಹೊರಗಿನಿಂದ ಯಜಮಾನರ ಗಾಬರಿಯ ದನಿ ಬಂತು. “ಯಾಕೆ, ಯಾಕಳ್ತೈತೆ? ಸಮಾಧಾನ ಮಾಡ್ರೇ. ಗಡಿಯಾರ ನೋಡಿದ್ರೆ ರಾಹುಕಾಲ ಹೊಕ್ಕೈತೆ.”

“ಹೊಕ್ಕಲಿ ಬುಡ್ರೀ,” ಎಂದು ಗೌರಮ್ಮನವರು ಒಳಗಿನಿಂದ ಕೂಗಿದರು. “ಅಳು ಕಣವ್ವ. ಮಂಡಿಗೆಲ್ಲ ಕೇಳಂಗೆ ಅಳು.”

ವಾಂತಿ ನಿಂತ ಮೇಲೆ ಕೂಸನ್ನು ಮಂಜುಳಾಳ ಎದೆಗೆ ಹಾಕಿದೆವು. ಅದು ಬಾಯಿ ಹಾಕಿದ ಚುರುಕಿಗೆ ಅವಳು ‘ಹಾ’ ಎಂದಳು.

ಆ ಗುರುವಾರದಿಂದ ಡಾಕ್ಟ್ರಮ್ಮ ಮುಹೂರ್ತದವರನ್ನು ಕಂಡರೆ ಮೊದಲಿನಂತೆಯೇ ಕೂಗತೊಡಗಿದರು. ನನಗೆ ಬಹಳ ನೆಮ್ಮದಿಯಾಯಿತು. ನೋವಿಲ್ಲದೆ ತೆಗೆದ ಪ್ರತಿ ಕೂಸಿನ ಪಾದವನ್ನು ಆಗಾಗ ಮುಟ್ಟಿ ನೋಡಬೇಕು, ಬೇಗ ಎದೆಗೆ ಹಾಕಬೇಕು, ಮಂಕಾಗಿದ್ದರೆ ಪಟ್ಟಿ ಹಾಕಬೇಕು ಎಂದು ಕಟ್ಟಾಜ್ಞೆ ಮಾಡಿದರು. ಈಗ ನಿಮ್ಮ ಬಳಿ ಅಂಕಿ ತೋರಿಸುವ ಯಂತ್ರಗಳಿವೆ, ಕರೆಂಟ್ ಹೋದರೆ ಜನರೇಟರ್ ಇದೆ. ಇರಲಿ, ಒಳ್ಳೆಯದು. ಆದರೂ ಕೈ ಬಿಸಿ ಮಾಡಿಕೊಂಡು ಆ ಪಾದ ಮುಟ್ಟಿ ನೋಡಿ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯಿದೆ. ಆ ಗಾದೆ ಮಕ್ಕಳಿಗೆ ಗೊತ್ತಿಲ್ಲ, ನಮಗೆ ಗೊತ್ತಿರಬೇಕು.

ನಾಮಕರಣಕ್ಕೆ ಗೌರಮ್ಮನವರು ನನ್ನನ್ನೂ ರಂಗಮ್ಮನನ್ನೂ ಹೊನ್ನವಳ್ಳಿಗೆ ಕರೆಸಿದ್ದರು. ಕೂಸು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತ, ಬಂದವರ ಮಾತು ಒಂದೂ ಕೇಳಿಸದಂತೆ ಚೀರುತ್ತಿತ್ತು. ಶರಣೆಯ ಧ್ಯಾನ ಯಾವತ್ತೋ ಮುಗಿದಿತ್ತು. ಜೋಯಿಸರು ಜಾತಕ ಬರೆಯಲು ಕೂತು, ತಾವೇ ಇಟ್ಟ ಗಳಿಗೆಯೆಂಬ ಹೆಮ್ಮೆಯಿಂದ, “ಜನನ ಕಾಲ ಗುರುವಾರ ಬೆಳಿಗ್ಗೆ...” ಎಂದು ಶುರುಮಾಡಿದರು.

“ಅಲ್ಲ ಸ್ವಾಮಿ. ಮಧ್ಯಾಹ್ನ,” ಎಂದರು ಗೌರಮ್ಮನವರು.

ಯಜಮಾನರು ಕಸಿವಿಸಿಯಿಂದ ಗೋಡೆಯ ಕಡೆ ನೋಡಿದರು. ಗಡಿಯಾರ ಮಂಡಿಗೆ ವಾಪಸಾಗಿತ್ತು.

“ಮಧ್ಯಾಹ್ನ ಅಂದ್ರೆ ಅದು ರಾಹುಕಾಲ ಅಮ್ಮ,” ಎಂದರು ಜೋಯಿಸರು. “ಬೆಳಿಗ್ಗೆ ಅಷ್ಟು ಒಳ್ಳೆ ಮುಹೂರ್ತ ಇಟ್ಟುಕೊಟ್ಟಿದ್ದೆನಲ್ಲ.”

“ಗೊತ್ತು. ರಾಹುಕಾಲ ಅಂತಲೇ ಬರೀರಿ,” ಎಂದರು ಗೌರಮ್ಮನವರು, ಅರಚುತ್ತಿದ್ದ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತ. “ನೀವಿಟ್ಟ ಗಳಿಗೇಲಿ ನಾವು ಕಿತ್ಕಂಡ್ವಿ ಅಷ್ಟೆ. ಇವಳು ಬಂದಿದ್ದು ಆವಾಗ.”